ಸ್ನಾಯುವಿನ ಪ್ರೋಟೀನ್ ಒಡೆತವನ್ನು 24 ಗಂಟೆಯ ಮೂತ್ರದಲ್ಲಿ ಅಳೆಯುವುದು ಹೇಗೆ: ಡುಶೆನ್ ಅಧ್ಯಯನ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯು ಸವೆಯುತ್ತಾ ಹೋಗುವ ಜೀನ್ ಕಾಯಿಲೆ) ಇರುವ ಹುಡುಗನ 24 ಗಂಟೆಯ ಮೂತ್ರ ಲ್ಯಾಬಿಗೆ ಬರುತ್ತದೆ. ಅದರಲ್ಲಿ 3-ಮೀಥೈಲ್‌ಹಿಸ್ಟಿಡಿನ್ ಅಳೆಯುತ್ತಾರೆ. ಸ್ನಾಯುವಿನ ಪ್ರೋಟೀನ್ ಒಡೆದಾಗ ಹೊರಬರುವ ಅಣು ಅದು. ಬಂದದ್ದನ್ನು ಕ್ರಿಯಾಟಿನಿನ್‌ನಿಂದ (ಸ್ನಾಯುವಿನಿಂದ ಹುಟ್ಟಿ ಮೂತ್ರದಲ್ಲಿ ಹೋಗುವ ವಸ್ತು, ಸ್ನಾಯು ಎಷ್ಟಿದೆ ಅನ್ನುವುದರ ಅಂದಾಜು) ಭಾಗಿಸುತ್ತಾರೆ. ಅದೇ ವಯಸ್ಸಿನ ಆರೋಗ್ಯವಂತ ಹುಡುಗನಿಗಿಂತ ಅನುಪಾತ ಜಾಸ್ತಿ ಇರುತ್ತದೆ. ‘ಸ್ನಾಯುವಿನ ಪ್ರೋಟೀನ್ ಒಡೆತ ಹೆಚ್ಚಾಗಿದೆ’ ಎಂದು ಬರೆದು ಅಧ್ಯಾಯ ಮುಗಿಸುತ್ತಾರೆ. ಆಮೇಲೆ ಪರೀಕ್ಷಕರು ಒಂದೇ ಪ್ರಶ್ನೆ ಕೇಳುತ್ತಾರೆ: ಮೇಲಿನ ಅಂಕಿ ಏರಿತೋ, ಕೆಳಗಿನದು ಇಳಿಯಿತೋ? ಉತ್ತರ ಇರುವುದಿಲ್ಲ.

ಈ ಕೆಲಸದಲ್ಲಿ ಎಡವುವ ಜಾಗ ಮುಖ್ಯವಾಗಿ ಎರಡು. ಒಂದು ಮನೆಯಲ್ಲಿ, ಕ್ಯಾನ್ ತುಂಬುವಾಗ. ಇನ್ನೊಂದು ಲೆಕ್ಕದ ಹಾಳೆಯಲ್ಲಿ, ಭಾಗಿಸುವಾಗ. ನಡುವಿನ ಮೆಷಿನ್ ಕೆಲಸದಲ್ಲಿ ತಪ್ಪುಗಳು ಅಷ್ಟಿಲ್ಲ. ಆದರೆ ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಅದಕ್ಕೇ.

ಸಂಶೋಧನಾ ವಿದ್ಯಾರ್ಥಿಗಳು, ಲ್ಯಾಬ್ ಟೆಕ್ನಿಷಿಯನ್‌ಗಳು, ಡಯೆಟಿಷಿಯನ್‌ಗಳಿಗಾಗಿ ಇದನ್ನು ಬರೆದಿದ್ದೇನೆ. ಮಗುವನ್ನು ಇಂಥ ಅಧ್ಯಯನಕ್ಕೆ ಸೇರಿಸಿರುವ ಅಪ್ಪ-ಅಮ್ಮ 2ರಿಂದ 5ನೇ ಹಂತದವರೆಗೆ ಓದಿದರೆ ಸಾಕು. ಒಂದು ವಿಷಯ ಮೊದಲೇ ಗೊತ್ತಿರಲಿ: ಇದು ಕಾಯಿಲೆ ಪತ್ತೆ ಮಾಡುವ ಪರೀಕ್ಷೆ ಅಲ್ಲ. ಡುಶೆನ್ ಖಚಿತವಾಗುವುದು ಜೀನ್ ಪರೀಕ್ಷೆಯಿಂದ. ಈ ಅಳತೆ ನೋಡಿ ಮನೆಯಲ್ಲಿ ಯಾರೂ ಔಷಧಿ ಹೆಚ್ಚು-ಕಡಿಮೆ ಮಾಡಬಾರದು.

## ಹಂತ 1: ಏನನ್ನು ಅಳೆಯುತ್ತಿದ್ದೀರಿ ಅಂತ ಬರೆದಿಡಿ

ಮೂರು ಬೇರೆ ಬೇರೆ ಸಂಗತಿಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ.

ಮೊದಲನೆಯದು ಸೋರಿಕೆ. ಸ್ನಾಯುಕೋಶದ ಪೊರೆ ಹರಿದು ಒಳಗಿನದು ರಕ್ತಕ್ಕೆ ಬರುವುದು. ಸಿಪಿಕೆ (ಸ್ನಾಯುವಿನೊಳಗಿನ ಒಂದು ಕಿಣ್ವ) ರಕ್ತ ಪರೀಕ್ಷೆ ತೋರಿಸುವುದು ಇದನ್ನು. ಡುಶೆನ್ ಮಕ್ಕಳಲ್ಲಿ ಚಿಕ್ಕ ವಯಸ್ಸಿನಲ್ಲಿ ಸಿಪಿಕೆ ವಿಪರೀತ ಇರುತ್ತದೆ, ಸ್ನಾಯು ಕರಗುತ್ತಾ ಹೋದಂತೆ ತಾನೇ ಇಳಿಯುತ್ತದೆ. ಸೋರುವುದಕ್ಕೆ ಸ್ನಾಯುವೇ ಉಳಿದಿಲ್ಲದಿದ್ದರೆ ಇಳಿಯದೆ ಇನ್ನೇನು? ಅದನ್ನು ನೋಡಿ ‘ಮಗು ಸುಧಾರಿಸಿದೆ’ ಅನ್ನುವವರಿದ್ದಾರೆ.

ಎರಡನೆಯದು ಒಡೆತ. ಸ್ನಾಯುವಿನ ಪ್ರೋಟೀನ್ ಬಿಡಿಬಿಡಿಯಾಗಿ ಅಮೈನೋ ಆಮ್ಲಗಳಾಗುವುದು. ಆರೋಗ್ಯವಂತರಲ್ಲೂ ಇದು ದಿನವಿಡೀ ನಡೆಯುತ್ತದೆ.

ಮೂರನೆಯದು ನಿವ್ವಳ ನಷ್ಟ. ಒಡೆದದ್ದರಲ್ಲಿ ಹೊಸದಾಗಿ ಕಟ್ಟಿದ್ದನ್ನು ಕಳೆದರೆ ಉಳಿಯುವುದು. ಒಡೆತ ಮಾಮೂಲಿನಂತೆ ಇದ್ದು ಕಟ್ಟುವುದು ಕಡಿಮೆಯಾದರೂ ಸ್ನಾಯು ಸವೆಯುತ್ತದೆ.

ಮೂತ್ರದ 3-ಮೀಥೈಲ್‌ಹಿಸ್ಟಿಡಿನ್ ಎರಡನೆಯದರ ಬಗ್ಗೆ ಮಾತ್ರ ಹೇಳುತ್ತದೆ. ಆಕ್ಟಿನ್‌ನಲ್ಲಿ ಮತ್ತು ವೇಗದ ಸ್ನಾಯುತಂತುಗಳ ಮಯೋಸಿನ್‌ನಲ್ಲಿ ಒಂದು ಹಿಸ್ಟಿಡಿನ್‌ಗೆ, ಪ್ರೋಟೀನ್ ತಯಾರಾದ ಮೇಲೆ, ಮೀಥೈಲ್ ಗುಂಪು ಅಂಟುತ್ತದೆ. ಆ ಪ್ರೋಟೀನ್ ಒಡೆದಾಗ ಹೊರಬಂದ 3-ಮೀಥೈಲ್‌ಹಿಸ್ಟಿಡಿನ್ ಅನ್ನು ದೇಹ ಮತ್ತೆ ಪ್ರೋಟೀನ್ ಕಟ್ಟಲು ಬಳಸುವುದಿಲ್ಲ. ಅದನ್ನು ಹಿಡಿದು ಜೋಡಿಸುವ ಟಿ-ಆರ್‌ಎನ್‌ಎ ಇಲ್ಲ. ಹಾಗಾಗಿ ಮನುಷ್ಯರಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಮೂತ್ರದಲ್ಲಿ ಹೋಗುತ್ತದೆ. ಈ ವಿಧಾನ ನಿಂತಿರುವುದೇ ಇದರ ಮೇಲೆ.

ಆದರೆ ಆಕ್ಟಿನ್ ಕರುಳಿನಲ್ಲೂ ಇದೆ, ಚರ್ಮದಲ್ಲೂ ಇದೆ. 8ನೇ ಹಂತದಲ್ಲಿ ಇದು ಮತ್ತೆ ಬರುತ್ತದೆ.

## ಹಂತ 2: ಯಾರನ್ನು, ಯಾವಾಗ

ಕೆಳಗಿನ ಯಾವುದಾದರೂ ಇದ್ದರೆ ಸಂಗ್ರಹ ಮುಂದೂಡಿ: ಜ್ವರ ಅಥವಾ ಸೋಂಕು, ಇತ್ತೀಚಿನ ಶಸ್ತ್ರಚಿಕಿತ್ಸೆ, ಮೂಳೆ ಮುರಿತ, ಸುಟ್ಟಗಾಯ, ಹತೋಟಿಯಲ್ಲಿಲ್ಲದ ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆ. ಇವೆಲ್ಲ ಒಡೆತವನ್ನು ತಾವೇ ಬದಲಿಸುತ್ತವೆ.

ಕಿಡ್ನಿ ಸರಿಯಿದೆಯಾ ಅಂತ ನೋಡಲು ರಕ್ತದ ಕ್ರಿಯಾಟಿನಿನ್ ನಂಬಬೇಡಿ. ಸ್ನಾಯು ಕಡಿಮೆ ಇರುವ ಮಗುವಿನಲ್ಲಿ ಅದು ಯಾವಾಗಲೂ ಕಡಿಮೆಯೇ. ಕಿಡ್ನಿ ಕೆಟ್ಟಿದ್ದರೂ ‘ನಾರ್ಮಲ್’ ಅಂತ ಬರಬಹುದು. ಸ್ನಾಯುವಿನ ಗಾತ್ರವನ್ನು ನೆಚ್ಚಿಕೊಳ್ಳದ ಸಿಸ್ಟಾಟಿನ್-ಸಿ ರಕ್ತ ಪರೀಕ್ಷೆ ಮಾಡಿಸಿ.

ಸ್ಟೀರಾಯ್ಡ್ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಪ್ರೆಡ್ನಿಸೊಲೋನ್ ಅಥವಾ ಡಿಫ್ಲಾಜಾಕಾರ್ಟ್ ತೆಗೆದುಕೊಳ್ಳುವ ಮಕ್ಕಳಲ್ಲಿ ಕೆಲವರಿಗೆ ದಿನವೂ ಮಾತ್ರೆ ಇರುತ್ತದೆ. ಕೆಲವರಿಗೆ ಹತ್ತು ದಿನ ಇದ್ದು ಹತ್ತು ದಿನ ಇಲ್ಲ. ಇನ್ನು ಕೆಲವರಿಗೆ ವಾರಾಂತ್ಯದಲ್ಲಿ ಮಾತ್ರ, ದೊಡ್ಡ ಡೋಸ್. ಶಾಲೆಗೆ ರಜೆ ಅಂತ ನೀವು ಭಾನುವಾರ ಮೂತ್ರ ಹಿಡಿಯುತ್ತೀರಿ. ವಾರಾಂತ್ಯದ ಡೋಸ್ ಇರುವ ಮಗುವಿಗೆ ಮಾತ್ರೆ ಬೀಳುವುದೂ ಅದೇ ಭಾನುವಾರ! ಇನ್ನೊಬ್ಬ ಹುಡುಗನಿಗೆ ಅದೇ ದಿನ ‘ಇಲ್ಲ’ದ ಹತ್ತರಲ್ಲಿ ಐದನೆಯದು. ಇವರಿಬ್ಬರನ್ನು ಒಂದೇ ಗುಂಪಿಗೆ ಹಾಕಿದರೆ ನೀವು ಅಳೆದದ್ದು ಕಾಯಿಲೆಯನ್ನೋ, ಮಾತ್ರೆಯ ವೇಳಾಪಟ್ಟಿಯನ್ನೋ ಹೇಳುವುದು ಕಷ್ಟ. ಪ್ರತಿ ಮಗುವಿಗೂ ಔಷಧಿಯ ಹೆಸರು, ಡೋಸ್, ಎಷ್ಟು ತಿಂಗಳಿಂದ, ಕೊನೆಯ ಮಾತ್ರೆ ಯಾವಾಗ ಅಂತ ಬರೆದುಕೊಳ್ಳಿ.

ಎಚ್ಚರಿಕೆ: ಅಳತೆಗಾಗಿ ಸ್ಟೀರಾಯ್ಡ್ ನಿಲ್ಲಿಸಿ ಅಂತ ಯಾರಿಗೂ ಹೇಳಬೇಡಿ. ಬಹಳ ದಿನ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಎಥಿಕ್ಸ್ ಕಮಿಟಿಯ ಅನುಮತಿ, ಪೋಷಕರ ಸಹಿ ಎಲ್ಲರಿಗೂ ನೆನಪಿರುತ್ತದೆ. ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು ಅನ್ನುವುದು ಮರೆತುಹೋಗುತ್ತದೆ. ನಿಯಮ ಪಕ್ಕಕ್ಕಿರಲಿ, ಇಡೀ ದಿನ ಕ್ಯಾನಿಗೆ ಹೋಗಬೇಕಾದವನು ಅವನು. ಅವನಿಗೆ ಮನಸ್ಸಿಲ್ಲದಿದ್ದರೆ ಸಂಗ್ರಹ ಪೂರ್ತಿಯಾಗುವುದಿಲ್ಲ.

## ಹಂತ 3: ಸಾಮಾನು ಜೋಡಿಸಿಕೊಳ್ಳಿ

ಮನೆಗೆ ಕೊಡಬೇಕಾದದ್ದು:

- ಮುಚ್ಚಳ ಬಿಗಿಯಾಗಿ ಕೂರುವ ಎರಡು ಅಥವಾ ಮೂರು ಲೀಟರಿನ ಕ್ಯಾನ್, ಎರಡು. ಒಂದು ತುಂಬಿದರೆ ಇನ್ನೊಂದು ಬೇಕು.
- ಕೂತಲ್ಲೇ, ಮಲಗಿದಲ್ಲೇ ಬಳಸಬಹುದಾದ ಯೂರಿನ್ ಪಾಟ್.
- ಥರ್ಮೋಕೋಲ್ ಪೆಟ್ಟಿಗೆ, ಐಸ್ ಪ್ಯಾಕ್.
- ಸಮಯ ಬರೆಯುವ ಹಾಳೆ, ದಾರ ಕಟ್ಟಿದ ಪೆನ್ನು.

ಖಾಲಿ ಕ್ಯಾನಿನ ತೂಕವನ್ನು ಮೊದಲೇ ತೂಗಿ ಅದರ ಮೇಲೇ ಬರೆಯಿರಿ. ತುಂಬಿದ ಮೇಲೆ ತೂಗಿ ಕಳೆದರೆ ಸಾಕು. ಮೂತ್ರದ ಒಂದು ಗ್ರಾಂ ಹೆಚ್ಚುಕಡಿಮೆ ಒಂದು ಮಿಲಿಲೀಟರ್. ಕ್ಯಾನಿನ ಮೇಲಿನ ಗೆರೆ ನೋಡಿ ಅಂದಾಜು ಮಾಡುವುದಕ್ಕಿಂತ ಇದು ಎಷ್ಟೋ ನಿಖರ.

ಕ್ಯಾನಿಗೆ ಆಸಿಡ್ ಹಾಕಿ ಕಳಿಸುವ ಪದ್ಧತಿ ಕೆಲವು ಲ್ಯಾಬ್‌ಗಳಲ್ಲಿದೆ. ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ. 3-ಮೀಥೈಲ್‌ಹಿಸ್ಟಿಡಿನ್ ಗಟ್ಟಿ ಅಣು, ತಣ್ಣಗಿಟ್ಟರೆ ಒಂದು ದಿನದಲ್ಲಿ ಕೆಡುವುದಿಲ್ಲ. ಆಸಿಡ್ ಬೇಕೇ ಬೇಕೆಂದಿದ್ದರೆ ಲ್ಯಾಬಿಗೆ ಬಂದ ಮೇಲೆ, ಬೇರೆ ಟ್ಯೂಬಿಗೆ ಹಾಕಿಕೊಳ್ಳಿ.

## ಹಂತ 4: ಮೂರು ದಿನ ಮಾಂಸವಿಲ್ಲದ ಊಟ

ಮಗು ತಿಂದ ಕೋಳಿಯ ಸ್ನಾಯುವಿನಲ್ಲೂ 3-ಮೀಥೈಲ್‌ಹಿಸ್ಟಿಡಿನ್ ಇರುತ್ತದೆ. ಅದೂ ಮಗುವಿನ ಮೂತ್ರದಲ್ಲೇ ಹೊರಬರುತ್ತದೆ. ಲ್ಯಾಬಿನ ಮೆಷಿನ್‌ಗೆ ಕೋಳಿಯದು ಯಾವುದು, ಮಗುವಿನದು ಯಾವುದು ಗೊತ್ತಾಗುವುದಿಲ್ಲ. ಆದ್ದರಿಂದ ಸಂಗ್ರಹಕ್ಕೆ ಮೊದಲು ಮೂರು ಪೂರ್ತಿ ದಿನ, ಜೊತೆಗೆ ಸಂಗ್ರಹ ನಡೆಯುವ ದಿನವೂ ಮಾಂಸ ಇರಬಾರದು. ಕೊನೆಯ ಭಾಗವನ್ನು ಜನ ಮರೆಯುತ್ತಾರೆ. ಗುರುವಾರ, ಶುಕ್ರವಾರ, ಶನಿವಾರ ಬಿಟ್ಟು, ಭಾನುವಾರ ‘ಇವತ್ತು ಟೆಸ್ಟ್ ಶುರುವಾಯ್ತಲ್ಲ’ ಅಂತ ಮಧ್ಯಾಹ್ನ ಬಾಡೂಟ. ಇಡೀ ಸಂಗ್ರಹ ಹಾಳು.

‘ನಾನ್‌ವೆಜ್ ಬೇಡ’ ಅಂದರೆ ಸಾಲದು. ಹೆಸರು ಹಿಡಿದು ಹೇಳಿ: ಕುರಿ, ಕೋಳಿ, ಹಂದಿ, ದನ, ಮೀನು, ಏಡಿ, ಸಿಗಡಿ. ಕಾಲು ಸೂಪು. ಒಣಮೀನು. ಅನ್ನದ ಜೊತೆ ಒಂದೇ ಚಮಚ ಹಾಕಿಕೊಳ್ಳುವ ಒಣಸಿಗಡಿ ಚಟ್ನಿ. ಮಾಂಸದ ಸಾರಿನಿಂದ ತುಂಡು ತೆಗೆದು ಬರೀ ಸಾರು ಬಡಿಸುವುದು. ಕೋಳಿ ರುಚಿಯ ಸೂಪ್ ಪೌಡರ್, ಕ್ಯೂಬ್. ಕರಾವಳಿಯ ಮನೆಗಳಲ್ಲಿ ಮೀನನ್ನು ‘ಮಾಂಸ’ದ ಲೆಕ್ಕಕ್ಕೆ ಸೇರಿಸದವರಿದ್ದಾರೆ. ಅವರಿಗೆ ಬಿಡಿಸಿ ಹೇಳಲೇಬೇಕು.

ಮೊಟ್ಟೆ ತಿನ್ನಬಹುದು. ಹಾಲು, ಮೊಸರು, ಪನೀರ್ ತಿನ್ನಬಹುದು. ಅವುಗಳಲ್ಲಿ ಸ್ನಾಯು ಇಲ್ಲ. ಇದನ್ನು ಒತ್ತಿ ಹೇಳದಿದ್ದರೆ ಅಮ್ಮಂದಿರು ಮಗುವಿಗೆ ಮೂರು ದಿನ ಗಂಜಿ-ಉಪ್ಪಿನಕಾಯಿ ಹಾಕುತ್ತಾರೆ. ಪ್ರೋಟೀನ್ ಮತ್ತು ಶಕ್ತಿ ಕಡಿಮೆಯಾದರೆ ಒಡೆತದ ದರವೇ ಬದಲಾಗುತ್ತದೆ. ಎಂದಿನಷ್ಟೇ ಊಟ, ಮಾಂಸದ ಬದಲು ಬೇಳೆ, ಕಾಳು, ಮೊಟ್ಟೆ, ಹಾಲು. ಉಪವಾಸ ಬೇಡ.

ಇನ್ನೊಂದು ಪ್ರಶ್ನೆ: ಮಗು ಕ್ರಿಯಾಟಿನ್ (ಕ್ರಿಯಾಟಿನಿನ್ ಅಲ್ಲ, ಅದು ಹುಟ್ಟುವ ಮೂಲವಸ್ತು) ಪೌಡರ್ ತೆಗೆದುಕೊಳ್ಳುತ್ತದೆಯೇ? ಜಿಮ್‌ಗೆ ಹೋಗುವ ಅಣ್ಣನ ಡಬ್ಬದಿಂದ ಕೊಡುವ ಮನೆಗಳೂ ಇವೆ. ತಿಂದ ಕ್ರಿಯಾಟಿನ್‌ನಲ್ಲಿ ಒಂದಷ್ಟು ಕ್ರಿಯಾಟಿನಿನ್ ಆಗಿ ಮೂತ್ರಕ್ಕೆ ಬರುತ್ತದೆ, ಕೆಳಗಿನ ಅಂಕಿ ಹಿಗ್ಗುತ್ತದೆ. ವೈದ್ಯರೇ ಬರೆದುಕೊಟ್ಟಿದ್ದರೆ ನಿಲ್ಲಿಸಬೇಡಿ. ಆ ಮಗುವಿನ ಅನುಪಾತ ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ.

## ಹಂತ 5: 24 ಗಂಟೆ ಹಿಡಿಯುವುದು

1. ಬೆಳಗ್ಗೆ ಎದ್ದು ಮೊದಲ ಸಲ ಹೋದದ್ದನ್ನು ಚೆಲ್ಲಿ. ಅದು ರಾತ್ರಿಯದು. ಚೆಲ್ಲಿದ ಸಮಯ ಬರೆಯಿರಿ, ಉದಾಹರಣೆಗೆ 7:10. ಗಡಿಯಾರ ಶುರುವಾಗುವುದು ಇಲ್ಲಿಂದ.
2. ಆಮೇಲೆ ಹಗಲು, ರಾತ್ರಿ ಬಂದ ಪ್ರತಿ ಹನಿಯೂ ಕ್ಯಾನಿಗೆ. ಪ್ರತಿ ಸಲ ಹಾಳೆಯಲ್ಲಿ ಸಮಯ.
3. ಕ್ಯಾನ್ ಯಾವಾಗಲೂ ಐಸ್ ಪೆಟ್ಟಿಗೆಯಲ್ಲಿ ಅಥವಾ ಫ್ರಿಜ್ಜಿನಲ್ಲಿ.
4. ಮರುದಿನ ಬೆಳಗ್ಗೆ ಅದೇ ಹೊತ್ತಿಗೆ ಎಬ್ಬಿಸಿ, ಬಂದದ್ದನ್ನು ಕ್ಯಾನಿಗೆ ಸೇರಿಸಿ, ಸಮಯ ಬರೆದು ಮುಗಿಸಿ.

ಶುರುವಿನದು ಚೆಲ್ಲಬೇಕು, ಕೊನೆಯದು ಸೇರಿಸಬೇಕು. ಇದನ್ನು ಉಲ್ಟಾ ಮಾಡುವವರು, ಎರಡನ್ನೂ ಸೇರಿಸುವವರು ಬಹಳ ಮಂದಿ. ಎರಡನ್ನೂ ಸೇರಿಸಿದರೆ 24 ಗಂಟೆಯ ಬದಲು 32 ಗಂಟೆಯ ಮೂತ್ರ ಸಿಕ್ಕೀತು. ಸಮಯ ಒಂದು ಗಂಟೆ ಆಚೀಚೆ ಆದರೆ ತೊಂದರೆ ಇಲ್ಲ, ನಿಜವಾದ ಗಂಟೆಗಳಿಂದ ಭಾಗಿಸಿ 24ರಿಂದ ಗುಣಿಸಿದರೆ ಆಯಿತು. ಸುಮ್ನೆ ‘24 ಗಂಟೆ’ ಅಂತ ಬರೆದುಕೊಟ್ಟರೆ ಸರಿಪಡಿಸಲು ದಾರಿಯಿಲ್ಲ.

ವೀಲ್‌ಚೇರಿನಲ್ಲಿರುವ ಹುಡುಗರಲ್ಲಿ ಮೂತ್ರ ಕಳೆದುಹೋಗುವ ಜಾಗಗಳೇ ಬೇರೆ. ಎರಡಕ್ಕೆ ಕೂತಾಗ ಒಂದೂ ಜೊತೆಗೇ ಬರುತ್ತದೆ, ಕಮೋಡಿಗೆ ಹೋಗುತ್ತದೆ. ಮಲಬದ್ಧತೆ ಈ ಮಕ್ಕಳಲ್ಲಿ ಸಾಮಾನ್ಯ, ಹಾಗಾಗಿ ಅಲ್ಲಿ ಬಹಳ ಹೊತ್ತು ಕೂರುತ್ತಾರೆ. ಪರಿಹಾರ ಸರಳ: ಮೊದಲು ಯೂರಿನ್ ಪಾಟ್ ಹಿಡಿದು ಒಂದಕ್ಕೆ ಮಾಡಿಸಿ, ಆಮೇಲೆ ಕೂರಿಸಿ, ಅಲ್ಲೂ ಪಾಟ್ ಹಿಡಿದಿರಿ. ಸ್ನಾನದ ಹೊತ್ತು ಇನ್ನೊಂದು. ಬಿಸಿನೀರು ಬಿದ್ದ ಕೂಡಲೇ ಬಚ್ಚಲಿಗೇ ಹೋಗಿಬಿಡುತ್ತದೆ. ಸ್ನಾನಕ್ಕೆ ಮುಂಚೆ ಒಮ್ಮೆ ಮಾಡಿಸಿ.

ದೊಡ್ಡ ಹುಡುಗರದ್ದು ಬೇರೆ ಕಥೆ. ಯಾರಾದರೂ ಎತ್ತಿ ಕೂರಿಸಬೇಕಲ್ಲ ಅಂತ ನೀರೇ ಕುಡಿಯುವುದಿಲ್ಲ, ಗಂಟೆಗಟ್ಟಲೆ ತಡೆದುಕೊಳ್ಳುತ್ತಾರೆ. ಹಾಳೆಯಲ್ಲಿ ದಿನಕ್ಕೆ ಮೂರೇ ಸಮಯ ಬರೆದಿದ್ದರೆ ‘ಸಂಗ್ರಹ ಸರಿಯಿಲ್ಲ’ ಅಂತ ಎಸೆಯುವ ಮೊದಲು ಕೇಳಿ. ಅದು ಅವನ ದಿನಚರಿಯೇ ಇರಬಹುದು.

ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು: ಮೂತ್ರ ಕೋಲಾ ಅಥವಾ ಕಡು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಸ್ನಾಯು ನೋವು ಜಾಸ್ತಿಯಾದರೆ, ಜ್ವರ ಬಂದರೆ, ವಾಂತಿಯಿಂದ ಸ್ಟೀರಾಯ್ಡ್ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ. ಕಡು ಬಣ್ಣ ಸ್ನಾಯು ಒಮ್ಮೆಲೇ ಹಾಳಾಗುತ್ತಿರುವ ಗುರುತಾಗಿರಬಹುದು. ಕ್ಯಾನ್ ಅಲ್ಲೇ ಬಿಟ್ಟು ಆಸ್ಪತ್ರೆಗೆ ಹೊರಡಿ.

ಆಗುವುದಾದರೆ ಒಂದು ದಿನದ ಬದಲು ಸತತ ಎರಡು ಅಥವಾ ಮೂರು ದಿನ, ಪ್ರತಿ ದಿನದ್ದು ಬೇರೆ ಕ್ಯಾನಿನಲ್ಲಿ ಹಿಡಿಯಿರಿ. ಮುಂದಿನ ಹಂತ ಇದರಿಂದ ಸುಲಭವಾಗುತ್ತದೆ.

## ಹಂತ 6: ಸಂಗ್ರಹ ಪೂರ್ತಿಯೇ?

ಮಾಮೂಲಿ ಲ್ಯಾಬ್ ಪದ್ಧತಿ ಏನೆಂದರೆ, ದಿನದ ಕ್ರಿಯಾಟಿನಿನ್ ಅನ್ನು ದೇಹದ ತೂಕದಿಂದ ಭಾಗಿಸಿ ನೋಡುವುದು. ವಯಸ್ಕ ಗಂಡಸರಲ್ಲಿ ಕಿಲೋಗೆ ಸುಮಾರು 20ರಿಂದ 25 ಮಿಲಿಗ್ರಾಂ, ಹೆಂಗಸರಲ್ಲಿ 15ರಿಂದ 20. ಅದಕ್ಕಿಂತ ತೀರಾ ಕಡಿಮೆ ಬಂದರೆ ‘ಅಪೂರ್ಣ’ ಅಂತ ಸೀಲು.

ಡುಶೆನ್ ಮಕ್ಕಳಿಗೆ ಈ ಪದ್ಧತಿ ತಪ್ಪು. ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನ ಕ್ರಿಯಾಟಿನ್‌ನಿಂದ. ಸ್ನಾಯು ಹೋದ ಮಗುವಿನಲ್ಲಿ ಕಿಲೋಗೆ 6 ಮಿಲಿಗ್ರಾಂ ಬಂದರೂ ಸಂಗ್ರಹ ಪೂರ್ತಿಯಾಗಿರಬಹುದು. ಈ ಜರಡಿ ಹಿಡಿದರೆ ಕಾಯಿಲೆ ಹೆಚ್ಚಿರುವ ಮಕ್ಕಳೇ ಅಧ್ಯಯನದಿಂದ ಹೊರಬೀಳುತ್ತಾರೆ. ಉಳಿದವರ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ?

ಬದಲಿಗೆ ಹೀಗೆ ನೋಡಿ. ಒಂದೇ ಮಗುವಿನ ಎರಡು-ಮೂರು ದಿನಗಳ ಒಟ್ಟು ಕ್ರಿಯಾಟಿನಿನ್ ಹೋಲಿಸಿ. ಅವು ಒಂದಕ್ಕೊಂದು ಹತ್ತಿರ ಇರಬೇಕು. ಒಂದು ದಿನ ಮಾತ್ರ ಮೂರನೇ ಒಂದು ಭಾಗ ಕಡಿಮೆ ಇದ್ದರೆ ಆ ದಿನ ಏನೋ ಚೆಲ್ಲಿದೆ. ಸಮಯದ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿ. ರಾತ್ರಿ 8ರಿಂದ ಬೆಳಗ್ಗೆ 7ರವರೆಗೆ ಖಾಲಿ ಇದ್ದರೆ ಮಲಗಿದಲ್ಲಿ ಪಾಟ್ ಕೊಟ್ಟಿದ್ದರೋ ಎಂದು ಕೇಳಿ.

ಇನ್ನೂ ಗಟ್ಟಿ ವಿಧಾನ ಪಾಬಾ ಗುರುತು. ಪ್ಯಾರಾ-ಅಮೈನೋಬೆಂಜೋಯಿಕ್ ಆಮ್ಲದ 80 ಮಿಲಿಗ್ರಾಂ ಮಾತ್ರೆಯನ್ನು ವಯಸ್ಕರಿಗೆ ಊಟದ ಜೊತೆ ದಿನಕ್ಕೆ ಮೂರು ಸಲ ಕೊಡುತ್ತಾರೆ. ಕೊಟ್ಟದ್ದರಲ್ಲಿ ಶೇ 85ಕ್ಕಿಂತ ಹೆಚ್ಚು ಮೂತ್ರದಲ್ಲಿ ಸಿಕ್ಕರೆ ಸಂಗ್ರಹ ಪೂರ್ತಿ. ಬಣ್ಣ ಬರಿಸಿ ಅಳೆಯುವ ಹಳೆಯ ವಿಧಾನದಲ್ಲಿ ಪ್ಯಾರಾಸಿಟಮಾಲ್, ಸಲ್ಫಾ ಮಾತ್ರೆಗಳೂ ಪಾಬಾ ಥರವೇ ತೋರುತ್ತವೆ, ಹುಷಾರು. ಮಕ್ಕಳಿಗೆ ಡೋಸ್ ಎಷ್ಟು ಅನ್ನುವುದನ್ನು ವೈದ್ಯರು ಮತ್ತು ಎಥಿಕ್ಸ್ ಕಮಿಟಿ ಒಪ್ಪಿದ ಮೇಲೆಯೇ ಕೊಡಬೇಕು.

## ಹಂತ 7: ಲ್ಯಾಬಿನಲ್ಲಿ

ಕ್ಯಾನ್ ತೂಗಿ. ಚೆನ್ನಾಗಿ ಕಲಕಿ. ತಳದಲ್ಲಿ ಕೂತದ್ದು ಮೇಲೆ ಬರಲಿ. ಐದಾರು ಚಿಕ್ಕ ಟ್ಯೂಬುಗಳಿಗೆ ಹಂಚಿ, ಕೂಡಲೇ ಮೈನಸ್ 20 ಅಥವಾ ಮೈನಸ್ 80ಕ್ಕೆ ಇಡಿ. ಟೈಟಿನ್ (ಸ್ನಾಯುವಿನ ಇನ್ನೊಂದು ಪ್ರೋಟೀನ್, 9ನೇ ಹಂತ ನೋಡಿ) ಅಳೆಯುವ ಯೋಚನೆಯಿದ್ದರೆ ಆಸಿಡ್ ಮುಟ್ಟದ ಎರಡು ಟ್ಯೂಬ್ ಪ್ರತ್ಯೇಕ ಇರಲಿ.

ಅಳತೆಗೆ ಎಲ್‌ಸಿ-ಎಂಎಸ್/ಎಂಎಸ್ (ಅಣುಗಳನ್ನು ಕಾಲಂನಲ್ಲಿ ಬೇರ್ಪಡಿಸಿ ತೂಕದಿಂದ ಗುರುತಿಸುವ ಮೆಷಿನ್) ಒಳ್ಳೆಯದು, ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಸೇರಿಸಿದ 3-ಮೀಥೈಲ್‌ಹಿಸ್ಟಿಡಿನ್ ಅನ್ನು ಒಳಮಾನಕವಾಗಿ, ಅಂದರೆ ಹೋಲಿಸಿ ನೋಡಲು ಗೊತ್ತಿರುವಷ್ಟು, ಹಾಕಬೇಕು. ಇಲ್ಲಿ ಕಾಡುವುದು ಅದರ ಅವಳಿ, 1-ಮೀಥೈಲ್‌ಹಿಸ್ಟಿಡಿನ್. ಎರಡರ ತೂಕವೂ ಒಂದೇ, ಹಾಗಾಗಿ ಕಾಲಂನಲ್ಲೇ ಬೇರ್ಪಡಬೇಕು. ಎರಡು ಶಿಖರಗಳು ಸ್ಪಷ್ಟವಾಗಿ ಬಿಡಿಯಾಗಿ ಕಾಣದಿದ್ದರೆ ಮುಂದೆ ಹೋಗಬೇಡಿ. ಸಂಖ್ಯೆ ಕೊಡುವ ಕ್ರಮ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುವುದರಿಂದ ಸ್ಟ್ಯಾಂಡರ್ಡ್ ಬಾಟಲಿಯ ಮೇಲೆ ‘ಟೌ’ ಅಂತ ಇದೆಯಾ ನೋಡಿಕೊಂಡು ಕೊಳ್ಳಿ. ನಮಗೆ ಬೇಕಾದದ್ದು ಟೌ, ‘ಪೈ’ ಅಲ್ಲ.

ಈ ಅವಳಿಯಿಂದ ಒಂದು ಉಪಕಾರವೂ ಇದೆ. 1-ಮೀಥೈಲ್‌ಹಿಸ್ಟಿಡಿನ್ ಮುಖ್ಯವಾಗಿ ಬರುವುದು ತಿಂದ ಕೋಳಿ, ಮೀನಿನ ಸ್ನಾಯುವಿನಲ್ಲಿರುವ ಆನ್ಸರಿನ್ ಎಂಬ ವಸ್ತುವಿನಿಂದ. ಅದು ಎದ್ದು ಕಾಣುವಷ್ಟಿದ್ದರೆ ಮನೆಯವರು ಏನೇ ಹೇಳಲಿ, ಎಲ್ಲೋ ಮಾಂಸ ಸೇರಿದೆ. ಬೈಯಬೇಡಿ, ಇನ್ನೊಂದು ವಾರಕ್ಕೆ ದಿನ ಗೊತ್ತು ಮಾಡಿ.

ಕ್ರಿಯಾಟಿನಿನ್‌ಗೆ ಬಣ್ಣ ಬರಿಸಿ ಅಳೆಯುವ ಯಾಫೆ ವಿಧಾನಕ್ಕಿಂತ ಕಿಣ್ವದ ವಿಧಾನ ವಾಸಿ. ಆಸ್ಪತ್ರೆಯ ಆಟೋ-ಅನಲೈಸರ್‌ಗಳು ಮೂತ್ರವನ್ನು ತಾವೇ ಹಲವು ಪಟ್ಟು ತೆಳು ಮಾಡಿಕೊಳ್ಳುತ್ತವೆ. ಕ್ರಿಯಾಟಿನಿನ್ ಮೊದಲೇ ಕಡಿಮೆಯಿರುವ ಈ ಮಕ್ಕಳ ಮೂತ್ರ ಹಾಗೆ ಮಾಡಿದರೆ ಅಳತೆಯ ಕೆಳಮಿತಿಗೆ ಬಂದು ನಿಲ್ಲಬಹುದು. ಕಡಿಮೆ ತೆಳು ಮಾಡಿ ಅಂತ ಟೆಕ್ನಿಷಿಯನ್‌ಗೆ ಮೊದಲೇ ಹೇಳಿ. ಸಾಧ್ಯವಿದ್ದರೆ ಕ್ರಿಯಾಟಿನ್ ಅನ್ನೂ ಅಳೆಯಿರಿ. ಡುಶೆನ್‌ನಲ್ಲಿ ಅದು ಸ್ನಾಯುವಿನಲ್ಲಿ ನಿಲ್ಲದೆ ಮೂತ್ರಕ್ಕೆ ಹೋಗುತ್ತದೆ.

ಇಲಿಗಳ ಕೆಲಸ ಮಾಡಿ ಬಂದವರಿಗೆ ಒಂದು ಮಾತು: ಇಲಿಯಲ್ಲಿ ಇದರ ಹೆಚ್ಚಿನ ಪಾಲು ಅಸಿಟೈಲ್ ರೂಪದಲ್ಲಿ ಬರುವುದರಿಂದ ಆಸಿಡ್‌ನಲ್ಲಿ ಕುದಿಸಬೇಕಾಗುತ್ತದೆ. ಮನುಷ್ಯರ ಮೂತ್ರದಲ್ಲಿ ಆ ಪಾಲು ಸಣ್ಣದು.

## ಹಂತ 8: ಲೆಕ್ಕ, ಮತ್ತು ಲೆಕ್ಕದ ಬಲೆ

ಮೊದಲು ಏಕಮಾನ. 3-ಮೀಥೈಲ್‌ಹಿಸ್ಟಿಡಿನ್ ಮೈಕ್ರೋಮೋಲ್‌ನಲ್ಲಿ, ಕ್ರಿಯಾಟಿನಿನ್ ಮಿಲಿಮೋಲ್‌ನಲ್ಲಿ. ಕ್ರಿಯಾಟಿನಿನ್ ಮಿಲಿಗ್ರಾಂನಲ್ಲಿ ಬಂದಿದ್ದರೆ 113ರಿಂದ ಭಾಗಿಸಿ.

ಈಗ ಬಲೆ. ಕೆಳಗಿನ ಅಂಕಿಗಳು ವಿಷಯ ತಿಳಿಸಲು ನಾನು ಹಾಕಿಕೊಂಡವು, ಯಾವ ಮಗುವಿನದೂ ಅಲ್ಲ.

30 ಕಿಲೋ ತೂಕದ ಆರೋಗ್ಯವಂತ ಹುಡುಗ. ದಿನದ ಕ್ರಿಯಾಟಿನಿನ್ 4.8 ಮಿಲಿಮೋಲ್. 3-ಮೀಥೈಲ್‌ಹಿಸ್ಟಿಡಿನ್ 120 ಮೈಕ್ರೋಮೋಲ್. ಅದರಲ್ಲಿ ಕರುಳು, ಚರ್ಮದಿಂದ 24, ಸ್ನಾಯುವಿನಿಂದ 96. ಅನುಪಾತ: 120 ÷ 4.8 = 25. ಸ್ನಾಯುವಿನ ಪಾಲು ಮಾತ್ರ ತೆಗೆದುಕೊಂಡರೆ 96 ÷ 4.8 = 20.

ಅದೇ ತೂಕದ ಡುಶೆನ್ ಹುಡುಗ. ಸ್ನಾಯು ಮೂರನೇ ಒಂದು ಭಾಗಕ್ಕೆ ಇಳಿದಿದೆ, ಕ್ರಿಯಾಟಿನಿನ್ 1.6. ಉಳಿದಿರುವ ಸ್ನಾಯುವಿನಲ್ಲಿ ಒಡೆತದ ದರ ಒಂದಿಷ್ಟೂ ಬದಲಾಗಿಲ್ಲ ಅಂತ ಇಟ್ಟುಕೊಳ್ಳಿ. ಸ್ನಾಯುವಿನಿಂದ 20 × 1.6 = 32. ಕರುಳು, ಚರ್ಮ ಸವೆದಿಲ್ಲ, ಅವುಗಳದ್ದು ಅದೇ 24. ಒಟ್ಟು 56. ಅನುಪಾತ: 56 ÷ 1.6 = 35.

ಒಡೆತ ಒಂದು ಚೂರೂ ಹೆಚ್ಚದೆ ಅನುಪಾತ 25ರಿಂದ 35ಕ್ಕೆ ಏರಿತು. ಮನೆ ಬಾಡಿಗೆ ಅಷ್ಟೇ ಇದ್ದು ಹಂಚಿಕೊಳ್ಳುವವರು ಕಡಿಮೆಯಾದರೆ ತಲೆಗೆ ಬೀಳುವ ಪಾಲು ಏರುವುದಿಲ್ಲವೇ, ಹಾಗೆ. ಒಡೆತ ನಿಜವಾಗಿಯೂ ಎರಡು ಪಟ್ಟಾಗಿದ್ದರೆ 64 + 24 = 88 ಆಗಿ, ಅನುಪಾತ 55 ಬರುತ್ತಿತ್ತು. ಅಂದರೆ ಏರಿಕೆ ಕಂಡ ಮಾತ್ರಕ್ಕೆ ಉತ್ತರ ಸಿಗಲಿಲ್ಲ. ಎಷ್ಟು ಏರಿತು, ಅದರಲ್ಲಿ ಕರುಳಿನ ಪಾಲೆಷ್ಟು ಅನ್ನುವುದೇ ಪ್ರಶ್ನೆ. ಆ ಪಾಲಿಗೆ ಎಲ್ಲರೂ ಒಪ್ಪಿದ ಒಂದು ಅಂಕಿ ಇಲ್ಲ.

ಕ್ರಿಯಾಟಿನ್ ಮೂತ್ರಕ್ಕೆ ಸೋರುವುದರಿಂದ, ಉಳಿದ ಪ್ರತಿ ಕಿಲೋ ಸ್ನಾಯು ಕೂಡ ಮಾಮೂಲಿಗಿಂತ ಕಡಿಮೆ ಕ್ರಿಯಾಟಿನಿನ್ ಕೊಡುತ್ತದೆ. ಕೆಳಗಿನ ಅಂಕಿ ಇನ್ನೂ ಇಳಿಯುತ್ತದೆ, ಅನುಪಾತ ಇನ್ನೂ ಏರುತ್ತದೆ.

ಇದು ಬರೀ ಕಾಗದದ ಮೇಲಿನ ತಕರಾರಲ್ಲ. 1970ರ ದಶಕದ ಕೊನೆಯಲ್ಲಿ ಮೂತ್ರದ ಅಳತೆ ಹಿಡಿದು ಡುಶೆನ್‌ನಲ್ಲಿ ಒಡೆತ ಹೆಚ್ಚು ಅಂತ ಬರೆದರು. 1982ರಲ್ಲಿ ಮೈಕೇಲ್ ರೆನ್ನಿ ಮತ್ತು ಜೊತೆಗಾರರು ಸ್ಥಿರ ಐಸೊಟೋಪ್‌ಗಳಿಂದ (ವಿಕಿರಣ ಸೂಸದ, ಗುರುತಿಗೆ ಬಳಸುವ ಪರಮಾಣುಗಳು) ಅಳೆದು, ಸ್ನಾಯು ಪ್ರೋಟೀನ್ ಕಟ್ಟುವ ಕೆಲಸವೇ ಬಹಳ ಕುಗ್ಗಿದೆ ಎಂದು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಒಂದೇ ಕಾಯಿಲೆ, ಎರಡು ಅಳತೆ, ಎರಡು ಕಥೆ.

ಹಾಗಾದರೆ ಏನು ಮಾಡಬೇಕು?

ಅನುಪಾತದ ಬದಲು ಗ್ರಾಫ್ ಬಿಡಿಸಿ. ಅಡ್ಡಕ್ಕೆ ದಿನದ ಕ್ರಿಯಾಟಿನಿನ್, ಉದ್ದಕ್ಕೆ ದಿನದ 3-ಮೀಥೈಲ್‌ಹಿಸ್ಟಿಡಿನ್. ಪ್ರತಿ ಮಗು ಒಂದು ಚುಕ್ಕೆ. ಮೇಲಿನ ಇಬ್ಬರು ಹುಡುಗರ ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದರೆ ಅದರ ಏರು 20, ಉದ್ದಗೆರೆಯನ್ನು ಮುಟ್ಟುವ ಜಾಗ 24. ಏರು ಸ್ನಾಯುವಿನದು, ಮುಟ್ಟುವ ಜಾಗ ಕರುಳು-ಚರ್ಮದ್ದು. ಆರೋಗ್ಯವಂತರ ಗುಂಪಿಗೊಂದು ಗೆರೆ, ಡುಶೆನ್ ಗುಂಪಿಗೊಂದು ಗೆರೆ ಎಳೆದು ಏರುಗಳನ್ನು ಹೋಲಿಸಿ. ಚುಕ್ಕೆಗಳು ಕಡಿಮೆಯಿದ್ದರೆ ಗೆರೆಯನ್ನು ನಂಬುವಂತಿಲ್ಲ. ಕ್ರಿಯಾಟಿನಿನ್ ಅಳತೆಯಲ್ಲೇ ಅಲುಗಾಟ ಇದ್ದರೆ ಗೆರೆ ಇರಬೇಕಾದ್ದಕ್ಕಿಂತ ಚಪ್ಪಟೆಯಾಗುತ್ತದೆ. ಅದನ್ನು ಸ್ಟ್ಯಾಟಿಸ್ಟಿಷಿಯನ್ ಜೊತೆ ಕೂತು ನೋಡಿ.

ಸ್ನಾಯುವನ್ನು ಬೇರೆ ದಾರಿಯಿಂದ ಅಳೆಯಿರಿ. ಎಂಆರ್‌ಐನಲ್ಲಿ ಕೊಬ್ಬು ಬಿಟ್ಟು ಉಳಿದ ಸ್ನಾಯುವಿನ ಗಾತ್ರ ಸಿಗುತ್ತದೆ. ಡ್ಯೂಟೀರಿಯಂ ಇರುವ ಕ್ರಿಯಾಟಿನ್ ಕುಡಿಸಿ ಮೂತ್ರದಲ್ಲಿ ನೋಡುವ ಡಿ3-ಕ್ರಿಯಾಟಿನ್ ವಿಧಾನವೂ ಇದೆ. ಕ್ರಿಯಾಟಿನ್ ಸೋರಿಕೆಯನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಡೆಕ್ಸಾ ಸ್ಕ್ಯಾನ್ (ಎಕ್ಸ್-ರೇಯಿಂದ ಕೊಬ್ಬು, ಮೂಳೆ, ಉಳಿದದ್ದನ್ನು ಬೇರ್ಪಡಿಸಿ ನೋಡುವುದು) ಸುಲಭ, ಆದರೆ ನಾರುಗಟ್ಟಿದ ಭಾಗವನ್ನೂ ‘ಲೀನ್’ (ಕೊಬ್ಬಲ್ಲದ್ದು) ಅಂತಲೇ ಎಣಿಸುತ್ತದೆ.

ಮಗುವನ್ನು ಅದೇ ಮಗುವಿನ ಜೊತೆ ಹೋಲಿಸಿ. ಔಷಧಿಗೆ ಮೊದಲು, ಔಷಧಿಯ ನಂತರ. ನಡುವೆ ಸ್ನಾಯು ಹೆಚ್ಚು ಬದಲಾಗದಷ್ಟು ಚಿಕ್ಕ ಅವಧಿ ಇರಲಿ. ನನ್ನ ಮಟ್ಟಿಗೆ ಈ ವಿಧಾನಕ್ಕೆ ಅತಿ ಹೆಚ್ಚು ಒಪ್ಪುವ ಪ್ರಶ್ನೆ ಇದೇ.

ಒಂದು ಕೆಲಸ ಮಾಡಬೇಡಿ. ಮೈಕ್ರೋಮೋಲ್‌ಗಳನ್ನು 4.2ರಿಂದ ಭಾಗಿಸಿ ‘ದಿನಕ್ಕೆ ಇಷ್ಟು ಗ್ರಾಂ ಪ್ರೋಟೀನ್ ಒಡೆಯುತ್ತದೆ’ ಅಂತ ಬರೆಯುವುದು. ಆ 4.2 (ಪ್ರತಿ ಗ್ರಾಂ ಪ್ರೋಟೀನ್‌ನಲ್ಲಿರುವ ಮೈಕ್ರೋಮೋಲ್) ಬಂದಿರುವುದು ಆರೋಗ್ಯವಂತ ವಯಸ್ಕರ ಸ್ನಾಯುವಿನಿಂದ. ಡುಶೆನ್‌ನಲ್ಲಿ ವೇಗದ ತಂತುಗಳು ಮೊದಲು ಹೋಗುತ್ತವೆ, ಮಯೋಸಿನ್‌ನ 3-ಮೀಥೈಲ್‌ಹಿಸ್ಟಿಡಿನ್ ಇರುವುದು ಅವುಗಳಲ್ಲಿ. ಉಳಿದ ಜಾಗಕ್ಕೆ ನಾರು ತುಂಬುತ್ತದೆ. 4.2 ಇಲ್ಲಿ ನಡೆಯುವುದಿಲ್ಲ.

## ಹಂತ 9: ಎರಡನೇ ಸಾಕ್ಷಿ

ಅದೇ ಮೂತ್ರದಲ್ಲಿ ಟೈಟಿನ್‌ನ ಎನ್-ತುದಿಯ (ಪ್ರೋಟೀನ್ ಸರಪಳಿ ಶುರುವಾಗುವ ಕಡೆಯ) ತುಂಡನ್ನು ಎಲೈಸಾ ಕಿಟ್‌ನಿಂದ (ಆಂಟಿಬಾಡಿಯಿಂದ ಹಿಡಿದು ಅಳೆಯುವುದು) ಅಳೆಯಬಹುದು. ಡುಶೆನ್ ಮಕ್ಕಳಲ್ಲಿ ಇದು ಆರೋಗ್ಯವಂತರಿಗಿಂತ ಬಹಳ ಪಟ್ಟು ಹೆಚ್ಚು. ಕರುಳಿನ ಗೊಂದಲ ಇದರಲ್ಲಿ ಅಷ್ಟಿಲ್ಲ. ಆದರೆ ಇದನ್ನೂ ಕ್ರಿಯಾಟಿನಿನ್‌ನಿಂದ ಭಾಗಿಸುವುದು ರೂಢಿ, ಅಲ್ಲಿಗೆ ಮತ್ತದೇ ಬಲೆ. 24 ಗಂಟೆಯ ಒಟ್ಟು ಮೊತ್ತವನ್ನೂ ಬರೆಯಿರಿ. ವ್ಯಾಯಾಮದ ನಂತರ ಆರೋಗ್ಯವಂತರಲ್ಲೂ ಟೈಟಿನ್ ಏರುವುದರಿಂದ, ಹಿಂದಿನ ಎರಡು ದಿನ ಫಿಸಿಯೋಥೆರಪಿ, ಮದುವೆ, ದೂರ ಪ್ರಯಾಣ ಏನಾದರೂ ಇತ್ತೇ ಕೇಳಿ.

ಡ್ಯೂಟೀರಿಯಂ ಇರುವ 3-ಮೀಥೈಲ್‌ಹಿಸ್ಟಿಡಿನ್ ಅನ್ನು ಕೆಲವೇ ಮಿಲಿಗ್ರಾಂ ಕುಡಿಸಿ, ಮರುದಿನ ರಕ್ತದಲ್ಲಿ ಅದು ಎಷ್ಟು ಬೇಗ ಕರಗುತ್ತಿದೆ ನೋಡುವ ವಿಧಾನ ಈಚೆಗೆ ಬಂದಿದೆ. ಕ್ಯಾನಿನ ಗೋಳು ತಪ್ಪುತ್ತದೆ. ಕರುಳಿನ ಪಾಲು ಅಲ್ಲೂ ಇದ್ದೇ ಇದೆ.

ಅಪಧಮನಿ-ಅಭಿಧಮನಿ ಎರಡರಿಂದಲೂ ರಕ್ತ ತೆಗೆದು, ಬಯಾಪ್ಸಿ ಜೊತೆ ಮಾಡುವ ಐಸೊಟೋಪ್ ವಿಧಾನದಲ್ಲಿ ಕಟ್ಟುವುದು, ಒಡೆಯುವುದು ಎರಡೂ ಸಿಗುತ್ತವೆ. ಆದರೆ ಬರೀ ಈ ಅಳತೆಗಾಗಿ ಮಗುವಿನ ಸವೆದ ಸ್ನಾಯುವಿನಿಂದ ತುಂಡು ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ಬೇರೆ ಕಾರಣಕ್ಕೆ ಅರಿವಳಿಕೆ ಕೊಡಬೇಕಾಗಿ ಬಂದರೆ ಅರಿವಳಿಕೆ ವೈದ್ಯರಿಗೆ ಡುಶೆನ್ ಅಂತ ಮೊದಲೇ ಗೊತ್ತಿರಬೇಕು. ಸಕ್ಸಿನೈಲ್‌ಕೋಲಿನ್ ಈ ಮಕ್ಕಳಿಗೆ ಕೊಡಬಾರದು, ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು.

## ಹಂತ 10: ಫಲಿತಾಂಶ ಬರೆಯುವುದು

ಕೋಷ್ಟಕದಲ್ಲಿ ಅನುಪಾತ ಒಂದೇ ಇದ್ದರೆ ಅದನ್ನು ಯಾರೂ ಪರಿಶೀಲಿಸಲಾಗುವುದಿಲ್ಲ. ಪ್ರತಿ ಮಗುವಿಗೂ ಇವು ಇರಲಿ: ವಯಸ್ಸು, ತೂಕ, ನಡೆಯುತ್ತಾನೋ ಇಲ್ಲವೋ, ಸ್ಟೀರಾಯ್ಡ್ ವಿವರ, ಸಂಗ್ರಹದ ನಿಜವಾದ ಗಂಟೆಗಳು, ಒಟ್ಟು ಮೂತ್ರ, ಒಟ್ಟು 3-ಮೀಥೈಲ್‌ಹಿಸ್ಟಿಡಿನ್, ಒಟ್ಟು ಕ್ರಿಯಾಟಿನಿನ್, ಕ್ರಿಯಾಟಿನ್, 1-ಮೀಥೈಲ್‌ಹಿಸ್ಟಿಡಿನ್. ಅನುಪಾತ ಕೊನೆಯ ಕಾಲಂನಲ್ಲಿ ಬರಲಿ.

ಹೊರಹಾಕಿದ ಸಂಗ್ರಹಗಳನ್ನೂ ಪಟ್ಟಿ ಮಾಡಿ, ಕಾರಣದ ಸಮೇತ. ‘ಕ್ರಿಯಾಟಿನಿನ್ ಕಡಿಮೆ’ ಎಂಬ ಕಾರಣ ಆ ಪಟ್ಟಿಯಲ್ಲಿ ಕಂಡರೆ 6ನೇ ಹಂತಕ್ಕೆ ವಾಪಸ್ ಹೋಗಿ, ಆ ಟ್ಯೂಬುಗಳನ್ನು ಫ್ರೀಜರಿನಿಂದ ಮತ್ತೆ ತೆಗೆಯಿರಿ.